ದುರ್ಬೀನ್ ಕೋವಿಯ ತವರೂರಿಗೆ ಹೋಗಿದ್ದೆ

ನಮ್ಮ ಮನೆಯಲ್ಲಿ ಒಂದು ಕೋವಿ ಇದೆ. ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗಳಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ ಬಿಡಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ತೋಟಾ ಕೋವಿಗಳು ಊರೂರಲ್ಲೂ ಸಿಗುತ್ತವೆ. ಚುನಾವಣೆ ಘೋಷಣೆಯಾದರೆ ಎಲ್ಲರೂ ಪೊಲೀಸ್ ಸ್ಟೇಷನ್ನಿಗೆ ಹೋಗಿ ಠೇವಣಿ ಇಟ್ಟು ಬರುತ್ತಾರೆ. ಆದರೆ ನಮ್ಮದು ತೋಟಾ ಕೋವಿ ಅಲ್ಲ, ರೈಫಲ್. ತೋಟದ ಆಳುಗಳು ಅದಕ್ಕೆ ಇಟ್ಟ ಹೆಸರು ‘ದುರ್ಬೀನ್ ಕೋವಿ’. ತಮಾಷೆ ಅಂದರೆ ಅದರ ಮೇಲೆ ದುರ್ಬೀನೇ ಇಲ್ಲ.

ಇಲ್ಲದ ಆ ದುರ್ಬೀನಿನ ಕಾರಣಕ್ಕೆ ನಮ್ಮಪ್ಪ ಮತ್ತು ಚಿಕ್ಕಪ್ಪ ನಾನು ಹುಟ್ಟುವ ಮೊದಲಿನಿಂದಲೂ ಸರಿಯಾಗಿ ಮಾತಾಡಿಲ್ಲ.

ಕತೆ ಇಷ್ಟು. ಸ್ವಾತಂತ್ರ್ಯ ಬಂದ ಮೇಲೆ ಪಕ್ಕದ ತೋಟದ ಇಂಗ್ಲಿಷ್ ದೊರೆ ಊರು ಬಿಡುವಾಗ ಬಂಗಲೆಯ ಸಾಮಾನು ಮಾರಿದನಂತೆ. ಅಜ್ಜ ಒಂದು ಊಟದ ಮೇಜು, ಒಂದು ಗಡಿಯಾರ, ಈ ರೈಫಲ್ ತಗೊಂಡರು. ರೈಫಲ್ ಜೊತೆ ಒಂದು ಮರದ ಪೆಟ್ಟಿಗೆಯೂ ಬಂತು. ಒಳಗೆಲ್ಲ ಹಸಿರು ಬಟ್ಟೆ ಅಂಟಿಸಿ, ಕೋವಿಗೆ ಒಂದು ಕುಳಿ, ನಳಿಗೆ ಒರೆಸುವ ಕಡ್ಡಿಗೆ ಒಂದು ಕುಳಿ, ದುರ್ಬೀನಿಗೆ ಇನ್ನೊಂದು ಉದ್ದ ಕುಳಿ. ಆ ಪೆಟ್ಟಿಗೆಯನ್ನು ಅಜ್ಜ ಬಿಟ್ಟು ಬೇರೆ ಯಾರೂ ತೆಗೆಯುವ ಹಾಗಿರಲಿಲ್ಲ. 1984ರಲ್ಲಿ ಅಜ್ಜ ತೀರಿಕೊಂಡರು. ಲೈಸೆನ್ಸ್ ವರ್ಗ ಮಾಡಿಸಲು ಪೆಟ್ಟಿಗೆ ತೆಗೆದರೆ ಉದ್ದ ಕುಳಿ ಖಾಲಿ!

ರೈಫಲ್‌ನ ಬಲಪಕ್ಕದಲ್ಲಿ, ಹಿಂಭಾಗಕ್ಕೆ, ಎರಡು ಸ್ಕ್ರೂ ಹಾಕಿ ಕೂರಿಸಿದ ಸಣ್ಣ ಉಕ್ಕಿನ ತುಂಡೊಂದು ಇತ್ತು. ಅದರಲ್ಲಿ ಏನೋ ಜಾರಿಸಿ ಕೂರಿಸುವ ಗಾಡಿ, ಆದರೆ ಕೂರಬೇಕಾದ ವಸ್ತು ಇಲ್ಲ. ತೋರಿಸಲು ಒಯ್ದಾಗ ಪೇಟೆಯ ಕೋವಿ ಅಂಗಡಿಯವರು ಒಂದೇ ನೋಟಕ್ಕೆ ಹೇಳಿಬಿಟ್ಟರಂತೆ, “ಇಲ್ಲಿಂದಲೇ ದುರ್ಬೀನು ಬಿಚ್ಚಿರೋದು. ಜರ್ಮನ್ ಮಾಲು, ಒಳ್ಳೇ ರೇಟು ಬಂದಿರುತ್ತೆ.”

ಚಿಕ್ಕಪ್ಪನಿಗೆ ಆಗ ಇಪ್ಪತ್ತೇಳು ವರ್ಷ. ಇಸ್ಪೀಟಿನ ಚಟ ಇತ್ತು. ಅಷ್ಟು ಸಾಕಾಯಿತು ಅಜ್ಜಿಗೆ. “ಅಪ್ಪಯ್ಯನ ಕಣ್ಣು ಮಾರ್ಕೊಂಡ” ಅಂತ ಸಾಯುವ ತನಕ ಹೇಳಿದರು. ಚಿಕ್ಕಪ್ಪ ಒಂದೆರಡು ವರ್ಷ ವಾದ ಮಾಡಿ ಆಮೇಲೆ ಸುಮ್ಮನಾದರು. ಸುಮ್ಮನಾಗಿದ್ದನ್ನೇ ಮನೆಯವರು ಒಪ್ಪಿಗೆ ಅಂತ ಓದಿಕೊಂಡರು. ಪಾಲಾಗುವಾಗ ಅವರಿಗೆ ಕೆಳಗಿನ ಜೌಗು ಜಾಗ ಬಂತು. ಕೋವಿಯ ಲೈಸೆನ್ಸ್ ಮಾತ್ರ, ಊರಲ್ಲಿ ಇರೋನು ಅವನೊಬ್ಬನೇ ಅಂತ, ಅವರ ಹೆಸರಿಗೇ ಆಯಿತು. ಕದ್ದವನು ಅನ್ನಿಸಿಕೊಂಡವರೇ ನಲವತ್ತು ವರ್ಷದಿಂದ ಅದಕ್ಕೆ ಎಣ್ಣೆ ಹಾಕುತ್ತಾ ಬಂದಿದ್ದಾರೆ.

ನನಗೆ ರೈಫಲ್ ಬಗ್ಗೆ ಗೊತ್ತಿದ್ದದ್ದೆಲ್ಲ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಾಡಿನ ಕತೆಗಳಿಂದ. ಬೆಂಗಳೂರಿನ ಆಂಡರ್ಸನ್ ಬಳಿ ಇದ್ದದ್ದು ವಿಂಚೆಸ್ಟರ್ ಕಂಪನಿಯ 1895 ಮಾಡೆಲ್, .405 ಬೋರಿನದು. ಹಾಗಿದ್ದರೂ ನಮ್ಮ ಕೋವಿಯ ನಳಿಗೆ ಮೇಲಿನ ಅಕ್ಷರಗಳ ಮೇಲೆ ನನ್ನ ಕಣ್ಣು ಬಿದ್ದದ್ದು ಕಳೆದ ವರ್ಷ, ಕಂಪನಿ ಕಳಿಸಿತು ಅಂತ ಜರ್ಮನಿಯ ಲೈಪ್‌ಜಿಗ್‌ಗೆ ಬರುವ ಮುಂಚೆ ತೋಟಕ್ಕೆ ಹೋದಾಗ. ತಯಾರಕರ ಹೆಸರು ಉಜ್ಜಿ ಹೋಗಿದೆ. ಉಳಿದದ್ದು ಒಂದೇ ಪದ, ಊರಿನ ಹೆಸರು: ಸುಹ್ಲ್. ಮ್ಯಾಪ್ ತೆಗೆದು ನೋಡಿದರೆ ಲೈಪ್‌ಜಿಗ್‌ನಿಂದ ಅರ್ಧ ದಿನದ ದಾರಿ. ಕೋವಿಯ ಇಪ್ಪತ್ತು ಫೋಟೊ ತೆಗೆದುಕೊಂಡೆ. ಚಿಕ್ಕಪ್ಪ ಏನೂ ಕೇಳಲಿಲ್ಲ, ಟಾರ್ಚ್ ಹಿಡಿದುಕೊಂಡು ನಿಂತಿದ್ದರು.

ಜನವರಿಯ ಒಂದು ಶುಕ್ರವಾರ ರಜೆ ಹಾಕಿ ಹೊರಟೆ. ಎರ್ಫುರ್ಟ್‌ನಲ್ಲಿ ರೈಲು ಬದಲಾಯಿಸಿದರೆ ಸಣ್ಣ ಗಾಡಿ ಸಿಗುತ್ತದೆ, ತುರಿಂಗಿಯಾದ ಕಾಡುಬೆಟ್ಟ ಹತ್ತುವ ಗಾಡಿ. ಆರ್ನ್‌ಸ್ಟಾಟ್ ದಾಟುತ್ತಿದ್ದಂತೆ ಎರಡೂ ಕಡೆ ಸ್ಪ್ರೂಸ್ ಮರ, ಹಿಮ. ಆಮೇಲೆ ಬ್ರಾಂಡ್‌ಲೈಟೆ ಅನ್ನುವ ಮೂರು ಕಿಲೋಮೀಟರ್ ಸುರಂಗ. ಸುರಂಗದ ಆಚೆ ಓಬರ್‌ಹೋಫ್, ಹಿಮದಾಟಕ್ಕೆ ಹೆಸರಾದ ಊರು. ಸಕಲೇಶಪುರ ಘಾಟಿಯ ರೈಲು ನೆನಪಾಯಿತು ಅಂತ ಬರೆದರೆ ಅದು ನನ್ನ ಮನೆಗೀಳು ಅಷ್ಟೇ. ಇಲ್ಲಿ ಸುರಂಗದಲ್ಲಿ ಯಾರೂ ಕೂಗುವುದಿಲ್ಲ.

ಟಿಕೆಟ್ ನೋಡಲು ಬಂದಾಕೆಗೆ ‘ಸುಹ್ಲ್’ ಅಂದೆ. ಆಕೆ ನಕ್ಕು ‘ಝೂಲ್’ ಅಂತ ತಿದ್ದಿದಳು. ಹಾಗಾದರೆ ಝೂಲ್ ಅಂತಲೇ ಬರೆಯುತ್ತೇನೆ.

ನೋಡಲು ಚಂದದ ಊರು ಅಂತ ಯಾರೂ ಹೇಳಲಾರರು. ಪೂರ್ವ ಜರ್ಮನಿ ಇದ್ದಾಗ ಇದೊಂದು ಜಿಲ್ಲಾ ಕೇಂದ್ರ, ಹಾಗಾಗಿ ಮಧ್ಯದಲ್ಲೆಲ್ಲ ಆಗ ಕಟ್ಟಿದ ಕಾಂಕ್ರೀಟ್ ಬ್ಲಾಕ್‌ಗಳು. ಎರಡು ಜರ್ಮನಿಗಳು ಒಂದಾದ ಮೇಲೆ ಕಾರ್ಖಾನೆಗಳು ಮುಚ್ಚಿ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಊರು ಬಿಟ್ಟರು. ಖಾಲಿ ಅಂಗಡಿಗಳ ಬೀದಿ ದಾಟಿ ಮಾರುಕಟ್ಟೆ ಚೌಕಕ್ಕೆ ಬಂದರೆ ನಡುವೆ ಒಬ್ಬ ಕಮ್ಮಾರನ ಪ್ರತಿಮೆ. ಆಯುಧ ಮಾಡುವ ಕಮ್ಮಾರ. ನಮ್ಮಲ್ಲಿ ಚೌಕದಲ್ಲಿ ರಾಜನೋ ನಾಯಕನೋ ಇರುತ್ತಾರೆ, ಇಲ್ಲಿ ಕೆಲಸಗಾರ ನಿಂತಿದ್ದಾನೆ.

ಕಾರಣ ಸರಳ. ಬೆಟ್ಟದಲ್ಲಿ ಕಬ್ಬಿಣದ ಅದಿರು, ಕಾಡಲ್ಲಿ ಇದ್ದಿಲು, ಹಳ್ಳದಲ್ಲಿ ಸುತ್ತಿಗೆ ತಿರುಗಿಸುವ ನೀರು. ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ ಹದಿನಾರನೇ ಶತಮಾನದಿಂದಲೇ ಇಲ್ಲಿ ಕೋವಿ ಮಾಡುತ್ತಾರೆ. ಮೂವತ್ತು ವರ್ಷಗಳ ಯುದ್ಧದಲ್ಲಿ ಎಲ್ಲರಿಗೂ ಕೋವಿ ಮಾರಿದ ಊರು 1634ರಲ್ಲಿ ಅದೇ ಯುದ್ಧದ ಸೈನಿಕರಿಂದ ಸುಟ್ಟು ಬೂದಿಯಾಯಿತು. ಮತ್ತೆ ಕಟ್ಟಿಕೊಂಡರು. ಸಾವರ್, ಹೇನಲ್, ಮೆರ್ಕೆಲ್ ಎಲ್ಲ ಇಲ್ಲಿ ಹುಟ್ಟಿದ ಹೆಸರುಗಳು. ಸಿಮ್ಸನ್ ಅನ್ನುವ ಯಹೂದಿ ಕುಟುಂಬದ ಕಾರ್ಖಾನೆಯನ್ನು ನಾಜಿಗಳು ಕಿತ್ತುಕೊಂಡರು. ಯುದ್ಧ ಮುಗಿದ ಮೇಲೆ ಅದೇ ಸಿಮ್ಸನ್ ಹೆಸರಲ್ಲಿ ಪೂರ್ವ ಜರ್ಮನಿ ಮೊಪೆಡ್ ಮಾಡಿತು. ಈಗಲೂ ಹುಡುಗರು ಅದನ್ನು ಪ್ರಾಣದಂತೆ ನೋಡಿಕೊಳ್ಳುತ್ತಾರೆ, ನಮ್ಮಲ್ಲಿ ಯೆಜ್ಡಿ ಇಟ್ಟುಕೊಂಡವರ ಹಾಗೆ. ಶೂಟಿಂಗ್ ಫಾಲೋ ಮಾಡುವವರಿಗೆ ಈ ಊರು ಗೊತ್ತಿರುತ್ತದೆ, ಜೂನಿಯರ್ ವಿಶ್ವಕಪ್‌ಗಳು ಇಲ್ಲಿ ನಡೆಯುತ್ತವೆ, ನಮ್ಮ ದೇಶದ ಹುಡುಗ ಹುಡುಗಿಯರು ಇಲ್ಲಿಂದ ಪದಕ ತಂದಿದ್ದಾರೆ.

ಆಯುಧ ಮ್ಯೂಸಿಯಂ ಇರುವುದು ಮಾಲ್ಟ್‌ಹೌಸ್ ಎಂಬ ಹಳೇ ಮರದ ತೊಲೆಗಳ ಕಟ್ಟಡದಲ್ಲಿ. ಹಿಂದೆ ಬಿಯರಿಗೆ ಬಾರ್ಲಿ ಮೊಳಕೆ ಬರಿಸುತ್ತಿದ್ದ ಮನೆ. ಒಳಗೆ ನಾನು ಹುಡುಕಿದ್ದು ಒಂದನ್ನೇ: ದುರ್ಬೀನು ಇರುವ ಶಿಕಾರಿ ರೈಫಲ್. ಗಾಜಿನ ಕಪಾಟಿನಲ್ಲಿ ಸಿಕ್ಕಿತು. ಮೊಣಕಾಲು ಬಗ್ಗಿಸಿ ಅದರ ಪಕ್ಕದಿಂದ ನೋಡಿದೆ. ನೋಡಿದ ತಕ್ಷಣ ನನಗೆ ಗೊತ್ತಾಯಿತು, ನಮ್ಮ ಕೋವಿಯ ಪಕ್ಕದಲ್ಲಿರುವ ತುಂಡಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇಲ್ಲಿನ ಹಳೇ ಪದ್ಧತಿಯ ಹೆಸರೇ ಊರಿನ ಹೆಸರು, ಝೂಲರ್ ಐನ್‌ಹಾಕ್ ಜೋಡಣೆ. ಅಂದರೆ ಕೊಕ್ಕೆ ಸಿಕ್ಕಿಸುವ ಜೋಡಣೆ. ದುರ್ಬೀನಿನ ಕೆಳಗೆ ಮುಂದೊಂದು ಹಿಂದೊಂದು ಕಾಲು, ಕಾಲಿನ ತುದಿಯಲ್ಲಿ ಬೆಕ್ಕಿನ ಉಗುರಿನಂಥ ಉಕ್ಕಿನ ಕೊಕ್ಕೆಗಳು. ರೈಫಲ್ ಮೇಲೆ ಆ ಕೊಕ್ಕೆ ಇಳಿಯಲು ಚೌಕಾಕಾರದ ಗುಂಡಿಗಳಿರುವ ಎರಡು ಪೀಠ, ನಳಿಗೆ ಸೇರುವಲ್ಲಿ ಒಂದು, ಬೋಲ್ಟಿನ ಹಿಂದಿನ ಸೇತುವೆಯ ಮೇಲೆ ಇನ್ನೊಂದು. ದುರ್ಬೀನಿನ ಮೂತಿ ಬಗ್ಗಿಸಿ ಮುಂದಿನ ಉಗುರು ತೂರಿಸಬೇಕು, ಹಿಂದೆ ಒತ್ತಬೇಕು, ಸ್ಪ್ರಿಂಗಿನ ಚಿಲಕ ಟಕ್ ಅನ್ನುತ್ತದೆ. ಬೇಡವಾದರೆ ಚಿಲಕ ಸರಿಸಿ ಕ್ಷಣದಲ್ಲಿ ಕಳಚಬಹುದು. ಮತ್ತೆ ಹಾಕಿದರೆ ಗುರಿ ಅದೇ ಜಾಗಕ್ಕೆ ಬರಬೇಕು, ಅದಕ್ಕೇ ಅರದಲ್ಲಿ ಉಜ್ಜಿ ಉಜ್ಜಿ ಕೂದಲೆಳೆ ಸಂದೂ ಇಲ್ಲದ ಹಾಗೆ ಕೂರಿಸುತ್ತಿದ್ದರು. ಹಾಗಾಗಿ ಒಂದು ಕೋವಿಯ ದುರ್ಬೀನು ಇನ್ನೊಂದಕ್ಕೆ ಕೂರುವುದಿಲ್ಲ. ನಮ್ಮ ಕೋವಿಯ ಮುಂಭಾಗದಲ್ಲೂ ಎರಡು ಚೌಕ ಗುಂಡಿಗಳಿವೆ! ನಾವು ಮಕ್ಕಳಿದ್ದಾಗ ಅದು ‘ಹೊಗೆ ಹೋಗೋ ತೂತು’ ಅಂದುಕೊಂಡಿದ್ದೆವು.

ಮ್ಯೂಸಿಯಂನ ಹುಡುಗಿಗೆ ಫೋಟೊ ತೋರಿಸಿ ಕೇಳಿದೆ. ಅವಳು ಅಲ್ಲೇ ಹತ್ತಿರದ ಒಂದು ವರ್ಕ್‌ಶಾಪ್‌ಗೆ ಹೋಗಿ ಅಂದಳು. ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರು, ಅರವತ್ತು ದಾಟಿರಬೇಕು, ನೀಲಿ ಕೋಟು. ನನ್ನ ಅರೆಬರೆ ಜರ್ಮನ್, ಅವರ ಅರೆಬರೆ ಇಂಗ್ಲಿಷ್. ಫೋಟೊ ಕಂಡ ಮೇಲೆ ಭಾಷೆಯ ಸಮಸ್ಯೆ ಬರಲಿಲ್ಲ.

ಮೊದಲು ಅವರು ದುರ್ಬೀನಿನ ಮಾತೇ ಎತ್ತಲಿಲ್ಲ. ನಳಿಗೆಯ ಅಡಿ ಎಲ್ಲಿ ಅಂದರು. ಅಲ್ಲಿ ಕಿರೀಟದ ಕೆಳಗೆ ಒಂದು ‘ಯು’, ಇನ್ನೊಂದು ಕಿರೀಟದ ಕೆಳಗೆ ‘ಜಿ’. ಕಿರೀಟ ಇದ್ದರೆ ಹಳೇ ಕಾಯ್ದೆಯ ಪರೀಕ್ಷಾ ಮುದ್ರೆ, 1940ರಿಂದ ಈಚೆಗಾದರೆ ಹದ್ದು ಇರುತ್ತದಂತೆ. ಯು ಅಂದರೆ ತಪಾಸಣೆ ಆಯಿತು, ಜಿ ಅಂದರೆ ಒಳಗೆ ತಿರುಪು ಗೆರೆ ಇರುವ ನಳಿಗೆ. ಪಕ್ಕದಲ್ಲಿ ಸಣ್ಣದಾಗಿ 5 27. ಅದು ತಿಂಗಳು, ವರ್ಷ. 1927ರ ಮೇ. ಬೋರು 9.3, ಉದ್ದ 62 ಮಿಲಿಮೀಟರ್ ತೋಟಾ, ಬರ್ಲಿನ್‌ನ ಓಟೊ ಬಾಕ್ 1905ರಲ್ಲಿ ರೂಪಿಸಿದ್ದು. ದೊಡ್ಡ ಪ್ರಾಣಿಗೂ ಸಾಕಾಗುವ, ಇಂಗ್ಲಿಷ್ ಡಬಲ್ ರೈಫಲ್‌ಗಿಂತ ಎಷ್ಟೋ ಅಗ್ಗದ ಕೋವಿ ಅಂತ ವಸಾಹತುಗಳ ತೋಟಗಾರರಿಗೆ ಇಷ್ಟವಾಗಿತ್ತು. ನಮ್ಮ ದೊರೆ ಅಂಥ ಶ್ರೀಮಂತ ದೊರೆ ಅಲ್ಲ ಅಂತ ಅಂದು ಗೊತ್ತಾಯಿತು.

ಆಮೇಲೆ ಅವರು ಬೋಲ್ಟಿನ ಹಿಡಿ ನೋಡಿದರು. ಮೌಸರ್ ಬೋಲ್ಟಿನ ಹಿಡಿ ಎತ್ತಿದರೆ ಮೇಲಕ್ಕೆ ಬರುತ್ತದೆ, ದುರ್ಬೀನು ಕೆಳಗೆ ಕೂತಿದ್ದರೆ ಹೊಡೆಯುತ್ತದೆ. ಹಿಂದಿನ ಸೇಫ್ಟಿ ರೆಕ್ಕೆಯೂ ಹಾಗೇ, ಅರ್ಧ ಸುತ್ತು ತಿರುಗುವಾಗ ತಾಗುತ್ತದೆ. ಅಮೆರಿಕದ ಕಡೆ ದುರ್ಬೀನನ್ನು ತಗ್ಗಾಗಿ ಕೂರಿಸುವ ಅಭ್ಯಾಸ, ಅದಕ್ಕೆ ಹಿಡಿ ಕಾಯಿಸಿ ಬಗ್ಗಿಸುತ್ತಾರೆ ಅಥವಾ ಬೇರೆ ಹಿಡಿ ಬೆಸೆಯುತ್ತಾರೆ, ಸೇಫ್ಟಿಯನ್ನೂ ಬದಲಿಸುತ್ತಾರೆ. ಝೂಲ್‌ನ ಕೊಕ್ಕೆ ಜೋಡಣೆ ಎತ್ತರದ್ದು, ಹಿಡಿ ಮುಟ್ಟಬೇಕಾಗಿಲ್ಲ. ನಮ್ಮದರಲ್ಲಿ ಹಿಡಿ, ಸೇಫ್ಟಿ ಎರಡೂ ಹುಟ್ಟಿದ ಹಾಗೇ ಇವೆ. ಅಂದರೆ ಅದರ ಮೇಲೆ ತಗ್ಗಿನ ದುರ್ಬೀನು ಯಾವ ಕಾಲಕ್ಕೂ ಕೂತಿಲ್ಲ.

ಒಂದೊಂದು ಜಾತಿಯ ಕೋವಿಗೂ ಒಂದೊಂದು ತೊಡಕು ಅಂತ ಅವರು ಉತ್ಸಾಹದಿಂದ ಹೇಳುತ್ತಾ ಹೋದರು. ಆಸ್ಟ್ರಿಯಾದ ಮಾನ್ಲಿಖರ್ ಶೋನಾವರ್‌ಗೆ ಹಿಂದಿನ ಸೇತುವೆ ಮಧ್ಯಕ್ಕೆ ಸೀಳಿರುತ್ತದೆ, ಬೋಲ್ಟಿನ ಹಿಡಿ ಅದರ ನಡುವೆಯೇ ಓಡಾಡುತ್ತದೆ, ಹಾಗಾಗಿ ಪೀಠ ಕೂರಿಸುವುದೇ ತಲೆನೋವು. ಹಳೇ ವಿಂಚೆಸ್ಟರ್ 94ರಲ್ಲಿ ಖಾಲಿ ತೋಟಾ ನೇರ ಮೇಲಕ್ಕೆ ಹಾರುತ್ತದೆ, ದುರ್ಬೀನನ್ನು ಒಂದು ಪಕ್ಕಕ್ಕೆ ಓರೆಯಾಗಿ ಹಾಕದೆ ದಾರಿಯಿಲ್ಲ. ನ್ಯೂಯಾರ್ಕಿನ ಗ್ರಿಫಿನ್ ಅಂಡ್ ಹೋ ಕಂಪನಿಯದು ಎಡಪಕ್ಕದ ತಟ್ಟೆ, ಎರಡು ಸಣ್ಣ ಹಿಡಿ ತಿರುಗಿಸಿದರೆ ದುರ್ಬೀನು ಕೈಗೆ ಬರುತ್ತದೆ. ಕಾರ್ಖಾನೆಯಲ್ಲಿ ಕೊರೆದ ತೂತಾದರೆ ಸಾಲು ಬಿಡುವುದಿಲ್ಲ, ನಡುವಿನ ಅಂತರವೂ ಅಚ್ಚುಕಟ್ಟು. ಆಮೇಲೆ ಯಾರೋ ಕೈಯಲ್ಲಿ ಕೊರೆದಿದ್ದರೆ ಕೂದಲಷ್ಟಾದರೂ ಓರೆ ಇರುತ್ತದೆ. ಒಂದು ತೂತು ಹೆಚ್ಚಿದ್ದರೂ ಸಂಗ್ರಾಹಕರು ಮೂಗು ಮುರಿಯುತ್ತಾರೆ. ಅಂದ ಹಾಗೆ ಇಲ್ಲಿ ‘ಡ್ರಿಲ್ಲಿಂಗ್’ ಅಂದರೆ ತೂತು ಕೊರೆಯುವುದಲ್ಲ, ಮೂರು ನಳಿಗೆಯ ಕೋವಿ. ಇದು ಗೊತ್ತಿಲ್ಲದೆ ನಾನು ಹತ್ತು ನಿಮಿಷ ಏನೇನೋ ತಲೆಯಾಡಿಸಿದ್ದೆ.

ಕೊನೆಗೆ ಬಲಪಕ್ಕದ ಆ ತುಂಡು. ನಾನು ಉಸಿರು ಹಿಡಿದು ಕೂತಿದ್ದೆ. ಅವರು ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿದರು. “ಇದು ದುರ್ಬೀನಿಗಲ್ಲ. ರಂಧ್ರ ಗುರಿಯ ಬುಡ.”

ಕಣ್ಣಿನ ಹತ್ತಿರ ಒಂದು ಸಣ್ಣ ತೂತಿನ ಬಿಲ್ಲೆ, ಅದರ ಮೂಲಕ ಮುಂದಿನ ಗುರಿಮಣಿಯನ್ನು ನೋಡುವುದು. ಅಮೆರಿಕದ ಲೈಮನ್, ಇಂಗ್ಲೆಂಡಿನ ಪಾರ್ಕರ್ ಹೇಲ್ ಇಂಥದ್ದನ್ನು ಮಾಡುತ್ತಿದ್ದರು. ಬುಡ ಪಕ್ಕದಲ್ಲಿ, ಬಿಲ್ಲೆ ಹೊತ್ತ ತೋಳು ಸೇತುವೆಯ ಮೇಲೆ ಬಂದು ನಿಲ್ಲುತ್ತದೆ. ತೋಳು ಜಾರಿಸಿ ತೆಗೆಯಬಹುದು. ನಮ್ಮ ಮನೆಯವರು ನಲವತ್ತು ವರ್ಷ ‘ದುರ್ಬೀನಿನ ಕಾಲು’ ಅಂದದ್ದು ಇದನ್ನೇ.

“ಹಾಗಾದರೆ ದುರ್ಬೀನಿನ ಹಿಂದಿನ ಪೀಠ ಎಲ್ಲಿ?” ಅಂದೆ. ಅದೇ ನನ್ನ ಪ್ರಶ್ನೆಯೂ ಹೌದು ಅನ್ನುವಂತೆ ಅವರು ಸೇತುವೆಯ ಫೋಟೊ ಮೇಲೆ ಬೆರಳಿಟ್ಟರು. ಆದರೆ ಫೋಟೊದಲ್ಲಿ ಬರೀ ಎಣ್ಣೆಯ ಹೊಳಪು. “ಈಗ ಕೋವಿ ಯಾರ ಹತ್ತಿರ ಇದೆ?”

ಚಿಕ್ಕಪ್ಪನಿಗೆ ವಾಟ್ಸ್‌ಆ್ಯಪ್ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಮಧ್ಯಾಹ್ನ ಮೂರೂವರೆ. ತೋಟದ ಮನೆಯೊಳಗೆ ನೆಟ್‌ವರ್ಕ್ ಸಿಗಲ್ಲ, ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಕೋವಿಯನ್ನು ಅಲ್ಲಿಗೇ ತಂದು ಗೋಣಿಚೀಲದ ಮೇಲೆ ಮಲಗಿಸಿದರು. ಹಿಂದೆ ಹರಡಿದ ಕಾಫಿ ಕಾಣುತ್ತಿತ್ತು.

“ಎಣ್ಣೆ ಪೂರ್ತಿ ಒರೆಸಿ ಚಿಕ್ಕಪ್ಪ. ಓರೆಯಾಗಿ ಹಿಡಿದು ಬೆಳಕಿಗೆ ಒಡ್ಡಿ.”

“ಏನ್ ಹುಡುಕ್ತಿದೀಯಾ ಮಾರಾಯ?”

“ಗುಂಡಗಿನ ಕಲೆ. ಸ್ಕ್ರೂ ತಲೆ ಉಜ್ಜಿ ಸಮ ಮಾಡಿದ ಹಾಗೆ.”

ಸ್ವಲ್ಪ ಹೊತ್ತು ಬರೀ ಪಂಚೆಯ ಅಂಚು ಕಂಡಿತು. ಆಮೇಲೆ, “ಒಂದಿದೆ. ಎರಡಿದೆ. ಇನ್ನೊಂದು ಅರ್ಧ ಇದೆ.”

“ಅರ್ಧ ಅಂದ್ರೆ?”

“ಅರ್ಧ ಚಂದ್ರನ ತರ. ಮಿಕ್ಕಿದ್ದು ಆ ಕಾಲಿನ ಅಡಿಗೆ ಹೋಗಿದೆ.”

ನಾನು ಹೇಳಿದ್ದನ್ನು ಕೇಳಿ ಆ ಹಿರಿಯರು ಮೇಜು ತಟ್ಟಿದರು.

ನಮ್ಮ ಕೆಲಸದಲ್ಲಿ ‘ಗಿಟ್ ಬ್ಲೇಮ್’ ಅಂತ ಒಂದು ಕಮಾಂಡ್ ಇದೆ. ಕೋಡಿನ ಯಾವ ಸಾಲನ್ನು ಯಾರು ಯಾವಾಗ ಬರೆದರು ಅಂತ ತೋರಿಸುತ್ತದೆ. ಹೆಸರೇ ಬ್ಲೇಮ್, ಆದರೆ ಎಷ್ಟೋ ಸಲ ಅದು ಉಳಿಸುವುದು ತಪ್ಪು ಮಾಡದವನನ್ನು. ಆ ಅರ್ಧ ಚಂದ್ರ ಅಂಥದ್ದು. ದುರ್ಬೀನಿನ ಹಿಂದಿನ ಪೀಠವನ್ನು ಯಾರೋ ಬಿಚ್ಚಿ, ಅದರ ಸ್ಕ್ರೂ ತೂತುಗಳನ್ನು ಮುಚ್ಚಿ, ಉಜ್ಜಿ, ಅದರ ಮೇಲೆ ಹೊಸದಾಗಿ ಕಪ್ಪುನೀಲಿ ಬಣ್ಣ ಹಿಡಿಸಿದ್ದಾರೆ. ರಂಧ್ರ ಗುರಿಯ ಬುಡ ಒಂದು ಮುಚ್ಚಿದ ತೂತಿನ ಮೇಲೆ ಅರ್ಧ ಕೂತಿದೆ. ಅಂದರೆ ದುರ್ಬೀನು ಹೋದದ್ದು ಮೊದಲು, ಈ ಬುಡ ಬಂದದ್ದು ಆಮೇಲೆ. ಹಿಂದುಮುಂದಾಗಲು ಸಾಧ್ಯವೇ ಇಲ್ಲ. ಹಿಂದಿನ ಪೀಠ ಇಲ್ಲದ ಮೇಲೆ ಆ ದುರ್ಬೀನನ್ನು ಕೈಯಲ್ಲಿ ಹಿಡಿದುಕೊಳ್ಳಬಹುದು, ಕೋವಿಗೆ ಹಾಕಲಾಗದು.

ಯಾಕೆ ತೆಗೆದಿರಬಹುದು ಅಂತ ಕೇಳಿದೆ. ನಿಮ್ಮ ಊರಲ್ಲಿ ಮಳೆ ಹೇಗೆ ಅಂದರು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೂ ಬೆವರುತ್ತದೆ ಅಂದೆ. ಆ ಕಾಲದ ದುರ್ಬೀನಿನ ಕೊಳವೆಗೆ ಈಗಿನಂತೆ ಸಾರಜನಕ ತುಂಬಿ ಮೊಹರು ಮಾಡುತ್ತಿರಲಿಲ್ಲ. ಒಳಗೆ ಮಂಜು, ಆಮೇಲೆ ಗಾಜಿನ ಮೇಲೆ ಬೂಷ್ಟು. ಕುರುಡಾದ ದುರ್ಬೀನಿಗಿಂತ ತೂತಿನ ಬಿಲ್ಲೆ ವಾಸಿ ಅನ್ನಿಸಿರಬೇಕು. ಇದು ಅವರ ಊಹೆ ಅಷ್ಟೇ. ನನಗೆ ಮಾತ್ರ ನಂಬಲು ಕಷ್ಟವಾಗಲಿಲ್ಲ, ನಮ್ಮ ಮನೆಯ ಕ್ಯಾಮೆರಾ ಲೆನ್ಸ್‌ಗಳ ಗತಿ ಗೊತ್ತಲ್ಲ.

ಆದರೂ ಒಂದು ಸಂಶಯ ಉಳಿಯಿತು. ಬುಡ ಕೂರಿಸಿದ್ದು ಯಾವಾಗ? ಅಜ್ಜ ಹೋಗುವ ಹಿಂದಿನ ವರ್ಷವೇ ಆಗಿದ್ದರೆ?

ಆಗ ನೆನಪಾದದ್ದು ನಡುಮನೆಯ ಫೋಟೊ. ಚಿಕ್ಕಮಗಳೂರಿನ ಸ್ಟುಡಿಯೊದಲ್ಲಿ ತೆಗೆಸಿದ್ದು, ಹಿಂದೆ ಅಜ್ಜನ ಕೈಬರಹದಲ್ಲಿ 1961. ಅಜ್ಜ ಕುರ್ಚಿಯಲ್ಲಿ, ತೊಡೆಯ ಮೇಲೆ ಕೋವಿ. ಅದರ ಸ್ಕ್ಯಾನ್ ನನ್ನ ಫೋನಿನಲ್ಲಿತ್ತು. ಹಿಗ್ಗಿಸಿದೆ. ಬೋಲ್ಟಿನ ಹಿಂದೆ ಅಂಗಿ ಗುಂಡಿಯಷ್ಟು ಸಣ್ಣ ಕಪ್ಪು ಬಿಲ್ಲೆ, ನಡುವೆ ಬಿಳಿ ಚುಕ್ಕೆ. ಇಷ್ಟು ವರ್ಷ ಅದನ್ನು ಫೋಟೊಗೆ ಹತ್ತಿದ ಹುಳುವಿನ ಕಲೆ ಅಂದುಕೊಂಡಿದ್ದೆವು. ಕೋವಿಯ ಮೇಲೆ ದುರ್ಬೀನು ಇಲ್ಲ. ಅಜ್ಜನ ಮೊಣಕಾಲಿಗೆ ಒರಗಿ, ಅರ್ಧ ಚಡ್ಡಿ ಹಾಕಿ, ಕ್ಯಾಮೆರಾ ನೋಡಿ ಅಳುಮುಖ ಮಾಡಿಕೊಂಡು ನಿಂತವರು ಚಿಕ್ಕಪ್ಪ. ನಾಲ್ಕು ವರ್ಷ.

ಹಿರಿಯರು ಫೋಟೊ ನೋಡಿ ಅಳುಮುಖದ ಹುಡುಗನ ಮೇಲೆ ಬೆರಳಿಟ್ಟು, ವಿಡಿಯೊದಲ್ಲಿದ್ದ ಬಿಳಿಗಡ್ಡದ ಚಿಕ್ಕಪ್ಪನ ಕಡೆ ತೋರಿಸಿದರು. ಹೌದು ಅಂತ ತಲೆಯಾಡಿಸಿದೆ. ದುಡ್ಡು ಎಷ್ಟು ಅಂದದ್ದಕ್ಕೆ ಕೈ ಅಲ್ಲಾಡಿಸಿ, ಟೀ ಕುಡಿಸಿ ಕಳಿಸಿದರು.

ಹೊರಗೆ ಬಂದು ಮತ್ತೆ ಫೋನ್ ಮಾಡಿದೆ. ಆ ಫೋಟೊ ಕಳಿಸಿ ಎಲ್ಲ ಹೇಳಿದೆ. ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕಾಲ್ ಕಟ್ ಆಯಿತೇನೋ ಅಂತ ಎರಡು ಸಲ ಹಲೋ ಅಂದೆ.

“ಆ ಬಿಲ್ಲೆ ಅಪ್ಪಯ್ಯನ ಕ್ಷೌರದ ಡಬ್ಬಿಯಲ್ಲಿತ್ತು ಕಣೋ,” ಅಂದರು. “ನಾನು ನಿಮ್ಮಪ್ಪ ಇಬ್ಬರೂ ಅದರಲ್ಲಿ ಒಂದು ಕಣ್ಣು ಮುಚ್ಚಿ ಸೂರ್ಯನ್ನ ನೋಡ್ತಿದ್ವಿ. ಅವನಿಗೂ ನೆನಪಿರುತ್ತೆ, ಕೇಳು.”

“ನೀವೇ ಕೇಳಿ ಚಿಕ್ಕಪ್ಪ. ನಂಬರ್ ಇದೆಯಲ್ಲ.”

“ಇದೆ.” ಆಮೇಲೆ ಆಕಾಶ ನೋಡಿದ ಹಾಗಾಯಿತು. “ಮೋಡ ಕಟ್ಟಿದೆ ನೋಡು, ಈ ಅಕಾಲದಲ್ಲಿ. ಕಾಫಿಗೆ ಟಾರ್ಪಾಲು ಹೊದಿಸ್ಬೇಕು, ಫೋನ್ ಇಡ್ತೀನಿ.”

ರೈಲು ಮತ್ತೆ ಸುರಂಗ ದಾಟಿ ಆರ್ನ್‌ಸ್ಟಾಟ್‌ಗೆ ಬಂದಾಗ ನೆಟ್‌ವರ್ಕ್ ಸಿಕ್ಕಿತು. ಅಪ್ಪನಿಗೆ ಕರೆ ಮಾಡಿದೆ. ಲೈನ್ ಬ್ಯುಸಿ. ಎರ್ಫುರ್ಟ್‌ನಲ್ಲಿ ಮಾಡಿದೆ, ಆಗಲೂ ಬ್ಯುಸಿ. ಲೈಪ್‌ಜಿಗ್ ಮುಟ್ಟುವ ತನಕ ಆಮೇಲೆ ನಾನು ಮಾಡಲಿಲ್ಲ.